ಗಾಜು ಒಡೆದು ಎಣಿಸುವ ಅಕ್ಕ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ತಗಡಿನ ಮಾಡಿನ ಸಂದಿಯಲ್ಲಿ ಈಗಷ್ಟೇ ಬೆಳಕು ಇಣುಕುತ್ತಿದೆ. ಶೆಡ್ಡಿನ ಮೂಲೆಯ ಕಬ್ಬಿಣದ ಮೇಜಿನ ಮೇಲೆ ಬಾಗಿಲಿನಷ್ಟು ಉದ್ದದ ಗಾಜೊಂದು ಮಲಗಿದೆ. ಅದರ ನಾಲ್ಕೂ ಅಂಚಿಗೆ ಅಗಲವಾದ ಟೇಪು ಅಂಟಿಸಿದ್ದಾರೆ. ಐವತ್ತನಾಲ್ಕರ ಹೆಂಗಸೊಬ್ಬರು ಓದುವ ಕನ್ನಡಕದ ಮೇಲೆ ದಪ್ಪನೆಯ ಇನ್ನೊಂದು ಕನ್ನಡಕ ಏರಿಸಿ, ಮೊಣಕೈವರೆಗಿನ ಕೈಗವಸು ಎಳೆದುಕೊಂಡು, ಗಾಜಿನ ಉದ್ದ ಅಂಚಿನ ನಟ್ಟನಡುವೆ ಮೊಳೆಯಂಥ ಚೂಪು ಉಕ್ಕಿನ ಪಂಚ್ ಇಡುತ್ತಾರೆ. "ಕಣ್ಣು ಮುಚ್ಕೊಳಿ" ಎನ್ನುತ್ತಾರೆ ನನಗೆ. ನಾನು ಮುಚ್ಚುವುದರೊಳಗೆ ಸುತ್ತಿಗೆಯ ಏಟು ಬಿದ್ದಾಗಿದೆ.

ದೊಡ್ಡ ಸದ್ದೇನೂ ಇಲ್ಲ. ಒಂದು ಮೊರದ ಜಲ್ಲಿ ನೆಲಕ್ಕೆ ಸುರಿದಷ್ಟೇ. ಕಣ್ಣು ತೆರೆದರೆ, ನೀರಿನಂತೆ ತಿಳಿಯಾಗಿದ್ದ ಗಾಜು ಪೂರ್ತಿ ಬೆಳ್ಳಗಾಗಿದೆ. ಏಟು ಬಿದ್ದದ್ದು ಒಂದೇ ಕಡೆ, ಒಡೆದದ್ದು ಮೂಲೆಮೂಲೆಯೂ. ಚೂರುಗಳು ಮಾತ್ರ ಟೇಪಿನ ದಯೆಯಿಂದ ಕದಲದೆ ಅಲ್ಲಲ್ಲೇ ಕೂತಿವೆ. ಕಿವಿಗೊಟ್ಟರೆ ಒಳಗಿನಿಂದ ಚಿಟಚಿಟ ಅನ್ನುವ ಸಣ್ಣ ಸದ್ದು ಬರುತ್ತಿದೆ.

"ಇನ್ನೂ ಒಡೀತಾ ಇದೆ. ಐದು ನಿಮಿಷದೊಳಗೆ ಎಣಿಸಿ ಮುಗಿಸ್ಬೇಕು. ತಡ ಮಾಡಿದ್ರೆ ಚೂರು ಮತ್ತೆ ಚೂರಾಗತ್ತೆ, ಲೆಕ್ಕ ಸುಳ್ಳಾಗತ್ತೆ" ಎನ್ನುತ್ತಾ ಅವರು ಆಗಲೇ ಮೇಜಿನ ಮೇಲೆ ಬಗ್ಗಿದ್ದಾರೆ. ಐದು ಸೆಂಟಿಮೀಟರ್ ಅಗಲ, ಅಷ್ಟೇ ಉದ್ದದ ಚೌಕಟ್ಟೊಂದನ್ನು ಗಾಜಿನ ಮೇಲೆ ಇಲ್ಲಿಂದಲ್ಲಿಗೆ ಸರಿಸುತ್ತಾ, ಚೂರುಗಳು ಎಲ್ಲಿ ಎಲ್ಲಕ್ಕಿಂತ ದೊಡ್ಡದಾಗಿವೆಯೋ ಅಲ್ಲಿ ನಿಲ್ಲಿಸುತ್ತಾರೆ. ಚೆನ್ನಾಗಿ ಒಡೆದ ಜಾಗ ಬಿಟ್ಟು ಕೆಟ್ಟದಾಗಿ ಒಡೆದ ಜಾಗ ಹುಡುಕಿ ಎಣಿಸಬೇಕು, ಅದೇ ನಿಯಮ. ಒಂದೊಂದು ಚೂರಿನ ಮೇಲೂ ಕಪ್ಪು ಪೆನ್ನಿನಿಂದ ಒಂದು ಚುಕ್ಕೆ ಬೀಳುತ್ತದೆ, ತುಟಿ ಅಲುಗುತ್ತದೆ. ಚೌಕದ ಗೆರೆಯ ಮೇಲೆ ಬಿದ್ದ ಚೂರಿಗೆ ಅರ್ಧ ಲೆಕ್ಕ. ಚೌಕದೊಳಗೆ ಐವತ್ತೆಂಟು, ಗೆರೆಯ ಮೇಲೆ ಹತ್ತೊಂಬತ್ತು. ಒಟ್ಟು ಅರವತ್ತೇಳೂವರೆ. ನಲವತ್ತು ಮುಟ್ಟಿದರೆ ಪಾಸು. ಪಕ್ಕದಲ್ಲಿ ನಿಂತು ಎಣಿಸಿದ ನನಗೆ ಐವತ್ತೆರಡು ಬಂದಿತ್ತು, ಶಾಲೆಯಲ್ಲೂ ನನ್ನ ಗಣಿತ ಹೀಗೇ ಇತ್ತು.

ಈ ಕಾರ್ಖಾನೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗೇಟಿನ ಕಾವಲುಗಾರನಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ಎಣಿಕೆ ಅಕ್ಕ. ಅವರು ಪುಸ್ತಕದಲ್ಲಿ ಸಂಖ್ಯೆ ಬರೆದು ಸಹಿ ಹಾಕಿದ ಮೇಲೇ ಆ ದಿನದ ಗಾಜು ಲಾರಿ ಹತ್ತುವುದು. ನಾನು ಹೋದ ದಿನ ಲಾರಿಯ ಚಾಲಕ ಬಾಗಿಲ ಬಳಿ ನಿಂತು, "ಅಕ್ಕಾ, ಪಾಸಾ ಫೇಲಾ? ಫಲಿತಾಂಶ ಹೇಳ್ಬಿಡಿ" ಎಂದು ರೇಗಿಸುತ್ತಿದ್ದ. ಅಕ್ಕ ತಲೆ ಎತ್ತದೆ, "ನೀನು ಫೇಲು, ಗಾಜು ಪಾಸು" ಎಂದರು.

ನಾವು ದಿನಕ್ಕೆ ನೂರು ಸಲ ಈ ಗಾಜಿಗೆ ಒರಗುತ್ತೇವೆ, ತಳ್ಳುತ್ತೇವೆ, ಮೂಗು ಒತ್ತಿ ಹೊರಗೆ ನೋಡುತ್ತೇವೆ. ಕಾರಿನ ಪಕ್ಕದ ಕಿಟಕಿ, ಬ್ಯಾಂಕಿನ ಬಾಗಿಲು, ಸ್ನಾನದಮನೆಯ ತಡಿಕೆ, ಶಾಲೆಯ ಮೆಟ್ಟಿಲ ಪಕ್ಕದ ಗೋಡೆ, ಎಲ್ಲ ಇದೇ. ಅಂಗಡಿಯವರು ಟಫನ್ಡ್ ಗ್ಲಾಸ್ ಅನ್ನುತ್ತಾರೆ, ಕಾರ್ಖಾನೆಯಲ್ಲಿ ಬರೀ ಟಫನ್. ಅದು ಒಡೆಯುವುದೇ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. "ಒಡೆಯತ್ತೆ. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಜಾಸ್ತಿ ತಡೆದುಕೊಳ್ಳತ್ತೆ, ಆಮೇಲೆ ಒಡೆಯತ್ತೆ. ಆದ್ರೆ ಒಡೆಯೋವಾಗ ಕತ್ತಿ ಆಗಲ್ಲ, ಕಾಳಾಗತ್ತೆ. ಅಷ್ಟೇ ನಾವು ಮಾಡೋದು" ಎನ್ನುತ್ತಾರೆ ಅಕ್ಕ.

ಮಾಡುವ ಬಗೆ ನೋಡಿದರೆ ಇಷ್ಟು ಸರಳವೇ ಅನಿಸುತ್ತದೆ. ಮೊದಲು ದೊಡ್ಡ ಹಾಳೆಯಿಂದ ಬೇಕಾದ ಅಳತೆಗೆ ಗಾಜು ಕತ್ತರಿಸುತ್ತಾರೆ. ಅಂಚು ಉಜ್ಜಿ ಮೊಂಡು ಮಾಡುತ್ತಾರೆ. ಹಿಡಿಕೆಗೆ, ಕೀಲಿಗೆ ತೂತು ಬೇಕಿದ್ದರೆ ಕೊರೆಯುತ್ತಾರೆ. ಮೂಲೆಯಲ್ಲಿ, ಇದು ಟಫನ್ ಎನ್ನುವ ಗುರುತಿಗೆ, ಉಗುರಿನಷ್ಟು ಸಣ್ಣ ಮುದ್ರೆ ಒತ್ತುತ್ತಾರೆ. ತೊಳೆದು ಒರೆಸಿದ ಗಾಜು ಉರುಳೆಗಳ ಮೇಲೆ ತೆವಳುತ್ತಾ ಕುಲುಮೆಯೊಳಗೆ ಹೋಗುತ್ತದೆ. ಅಲ್ಲಿ ಆರುನೂರು ಡಿಗ್ರಿಗೂ ಮೇಲಿನ ಕಾವು. ಆರು ಮಿಲಿಮೀಟರ್ ಗಾಜಾದರೆ ನಾಲ್ಕು ನಿಮಿಷ. ಹೊರಗೆ ಬಂದ ಕ್ಷಣವೇ ಮೇಲಿನಿಂದ ಕೆಳಗಿನಿಂದ ನೂರಾರು ಕೊಳವೆಗಳಲ್ಲಿ ಗಾಳಿ ಅದರ ಮೇಲೆ ನುಗ್ಗುತ್ತದೆ. ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಎಲ್ಲ ಕೈಸನ್ನೆ ಬಾಯಿಸನ್ನೆಯೇ.

"ಗಾಳಿ ಬಡಿದಾಗ ಮೈ ಮೇಲಿನ ಪದರ ಮೊದ್ಲು ಗಟ್ಟಿ ಆಗಿಬಿಡತ್ತೆ. ಒಳಗಿನದು ಇನ್ನೂ ಬಿಸಿ. ಅದು ನಿಧಾನಕ್ಕೆ ಆರ್ತಾ ಆರ್ತಾ ಕುಗ್ಗಬೇಕು ಅನ್ನತ್ತೆ, ಹೊರಗಿನದು ಬಿಡಲ್ಲ" ಎಂದು ಅಕ್ಕ ಎರಡು ಅಂಗೈ ಒತ್ತಿ ತೋರಿಸುತ್ತಾರೆ. "ಒಳಗಿನವರು ಜಗ್ಗೋದು, ಹೊರಗಿನವರು ಅದುಮಿಕೊಂಡು ಕೂರೋದು. ಕೂಡು ಕುಟುಂಬದ ಥರ. ಆ ಜಗ್ಗಾಟ ಗಾಜು ಇರೋವರೆಗೂ ಮುಗಿಯಲ್ಲ. ಅದೇ ಅದರ ಶಕ್ತಿ. ಎಲ್ಲಾದ್ರೂ ಒಂದು ಕಡೆ ಗಾಯ ಒಳಗಿನವರೆಗೆ ಮುಟ್ಟಿತು ಅಂದ್ರೆ ಅಷ್ಟೂ ಒಟ್ಟಿಗೇ ಹೋಗತ್ತೆ." ಅದಕ್ಕೇ ಕುಲುಮೆಯಿಂದ ಬಂದ ಗಾಜನ್ನು ಮತ್ತೆ ಕತ್ತರಿಸುವ ಹಾಗಿಲ್ಲ, ಕೊರೆಯುವ ಹಾಗಿಲ್ಲ. ಅಳತೆ ತಪ್ಪಿದರೆ ಅದು ತೊಟ್ಟಿಗೇ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನಂತೂ ಆವತ್ತು ಅದನ್ನು ಬರೆದುಕೊಂಡು ಪುಟ ಮಗುಚಿಬಿಟ್ಟಿದ್ದೆ.

ದಿನಕ್ಕೆ ಏಳು ಗಾಜು ಒಡೆಯುತ್ತಾರೆ. ಪಾಳಿ ಶುರುವಾದಾಗ ಒಂದು, ದಪ್ಪ ಬದಲಾದಾಗೆಲ್ಲ ಒಂದು. ಹನ್ನೊಂದು ವರ್ಷದಿಂದ ಇದೇ ಮೇಜು. ಹೆಚ್ಚುಕಮ್ಮಿ ಇಪ್ಪತ್ತಮೂರು ಸಾವಿರ ಗಾಜು ಆಗಿರಬೇಕು ಎಂದು ನಾನು ಹಾಳೆಯ ಮೇಲೆ ಗುಣಿಸಿ ತೋರಿಸಿದೆ. "ಅಬ್ಬಾ, ಅಷ್ಟೊಂದು ಹಾಳು ಮಾಡಿದೀನಾ" ಎಂದು ನಕ್ಕರು. ಬೇಸಿಗೆಯಲ್ಲಿ ಶೆಡ್ಡಿನೊಳಗೆ ನಿಂತರೆ ಚಪ್ಪಲಿಯ ಅಡಿ ಬಿಸಿಯಾಗುತ್ತದೆ. ಗಾಳಿಯ ಅಬ್ಬರಕ್ಕೆ ಅಕ್ಕನ ಎಡಗಿವಿ ಅರ್ಧ ಕೇಳುವುದಿಲ್ಲ. ಎಷ್ಟೇ ಜಾಗರೂಕರಾಗಿದ್ದರೂ ಚೂರಿನ ಪುಡಿ ಎಲ್ಲೋ ಹೇಗೋ ಮನೆಗೆ ಬಂದುಬಿಡುತ್ತದೆ. ಊಟಕ್ಕೆ ಕೂತಾಗ ತೋಳಿನ ಮಡಿಕೆಯಲ್ಲಿ ಮಿನುಗುತ್ತದೆ. ಬೆಳಗ್ಗೆ ನಾಲ್ಕೂಕಾಲಿಗೆ ಏಳಬೇಕು, ಐದರ ಬಸ್ಸು ತಪ್ಪಿದರೆ ಮುಂದಿನದು ಐದೂ ಮುಕ್ಕಾಲಿಗೆ. ಇಷ್ಟು ವರ್ಷದಲ್ಲಿ ಎರಡೇ ಸಲ ತಪ್ಪಿದೆಯಂತೆ.

ಇಲ್ಲಿಗೆ ಸೇರಿದ್ದು ಇಪ್ಪತ್ತನಾಲ್ಕನೇ ವಯಸ್ಸಿಗೆ. ಅಪ್ಪನದು ಗಡಿಯಾರ ರಿಪೇರಿಯ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಇಬ್ಬರು ಹೆಣ್ಣುಮಕ್ಕಳಿಗೂ ಅಪ್ಪ ಚಿಮಟ ಹಿಡಿಯಲು ಕಲಿಸಿದರು. ಏಳು ವರ್ಷ ಕಿರಿಯ ತಂಗಿಗೆ ಅದು ಒಲಿಯಿತು, ಅಕ್ಕನಿಗೆ ಒಲಿಯಲಿಲ್ಲ. "ನನ್ನ ಕೈ ಒರಟು. ಕೂದಲಿನಂಥ ಸ್ಪ್ರಿಂಗು ಮುಟ್ಟಿದ್ರೆ ಎಲ್ಲಿಗೋ ಹಾರಿಹೋಗೋದು. ಅಪ್ಪ ಬೈತಿರಲಿಲ್ಲ. ಪುಟ್ಟೀನ ಕರೆದು, ಅವಳ ಕೈ ನೋಡು, ಅವಳ ಕೈ ನೋಡು ಅನ್ನೋರು. ಬೈದಿದ್ರೇ ವಾಸಿಯಿತ್ತು" ಎನ್ನುತ್ತಾರೆ. ಅಂಗಡಿ ತಂಗಿಯದಾಯಿತು, ಅಕ್ಕ ಕಾರ್ಖಾನೆಯ ಕತ್ತರಿಸುವ ವಿಭಾಗಕ್ಕೆ ಬಂದರು. ಹತ್ತೊಂಬತ್ತು ವರ್ಷ ಅಲ್ಲಿದ್ದು, ಆಮೇಲೆ ತಾವೇ ಕೇಳಿಕೊಂಡು ಈ ಒಡೆಯುವ ಮೇಜಿಗೆ ವರ್ಗ ಮಾಡಿಸಿಕೊಂಡರು. ಯಾಕೆ ಎಂದು ಕೇಳಿದೆ. "ಅಲ್ಲಿ ಸಾಕಾಯ್ತು" ಎಂದರು.

ಕುಲುಮೆ ನೋಡಿಕೊಳ್ಳುವ ಆಪರೇಟರ್ ಒಂದು ಕತೆ ಹೇಳಿದ. ದೊಡ್ಡ ಹಾಳೆ ಕತ್ತರಿಸಿದಾಗ ತುಂಡುಗಳು ಉಳಿಯುತ್ತವೆ. ಮೊದಲೆಲ್ಲ ಆ ಉಳಿಕೆ ತುಂಡುಗಳನ್ನು ಕೆಲಸಗಾರರು ಚೀಟಿ ಬರೆಸಿ ಮನೆಗೆ ಒಯ್ಯಬಹುದಿತ್ತು. ಯಾರದೋ ಕಪಾಟು, ಯಾರದೋ ಕಿಟಕಿ, ಯಾರದೋ ಬಾಗಿಲು, ಎಲ್ಲ ಕಾರ್ಖಾನೆಯ ತುಂಡುಗಳೇ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಎಣಿಕೆ ಅಕ್ಕ ಗೇಟಿಗೆ ಅಡ್ಡ ನಿಂತರು. ಫೋಟೋ ಕಟ್ಟಿಸುವಷ್ಟು ಸಣ್ಣ ತುಂಡಾದರೆ ಬಿಡುತ್ತೇನೆ, ಬಾಗಿಲಿಗೆ ಕಿಟಕಿಗೆ ಆಗುವಷ್ಟು ದೊಡ್ಡದಾದರೆ ಬಿಡುವುದಿಲ್ಲ ಎಂದು ಹಟ ಹಿಡಿದರು. "ಜಗಳ ಅಂದ್ರೆ ಜಗಳ. ಇವರಿಗೇನು ತಲೆ ಕೆಟ್ಟಿದೆಯಾ ಅಂದ್ವಿ. ಕೈಯಲ್ಲಿದ್ದ ತುಂಡು ಕಿತ್ಕೊಂಡು ಅಲ್ಲೇ ತೊಟ್ಟಿಗೆ ಒಡೆದು ಹಾಕಿಬಿಡೋರು. ನಂದೂ ಒಂದು ಹೋಯ್ತು. ಆರು ತಿಂಗಳು ನಾನು ಮಾತು ಬಿಟ್ಟಿದ್ದೆ." ಎರಡು ವರ್ಷದ ಮೇಲೆ ಕಾರ್ಖಾನೆಯೇ ಅದನ್ನು ನಿಯಮ ಮಾಡಿತು. ಈಗ ದೊಡ್ಡ ತುಂಡುಗಳನ್ನು ಪಾಳಿ ಮುಗಿಯುವ ಹೊತ್ತಿಗೆ ಅಕ್ಕನೇ ಒಡೆದು ತೊಟ್ಟಿಗೆ ಹಾಕುತ್ತಾರೆ. ಅದು ಅವರ ಕೆಲಸದ ಪಟ್ಟಿಯಲ್ಲಿಲ್ಲ.

ನನಗೆ ಆಗಲಾದರೂ ಹೊಳೆಯಬೇಕಿತ್ತು. ಆವತ್ತಿನ ತುಂಡುಗಳನ್ನು ಒಡೆಯುವ ಮೊದಲು ನನ್ನನ್ನು ಕರೆದು ಅವರು ಒಂದು ಉಳಿಕೆ ತುಂಡನ್ನು ತೋರಿಸಿದ್ದರು, "ಇದು ಎಂಥ ಗಾಜು ಹೇಳಿ ನೋಡೋಣ." ನಾನು ಮೇಷ್ಟರ ಮುಂದೆ ನಿಂತವನಂತೆ, "ಟಫನ್" ಎಂದೆ. "ಫ್ಯಾಕ್ಟರಿಗೆ ಬಂದ ಎಲ್ಲರೂ ಹಾಗೇ ಹೇಳ್ತಾರೆ" ಎಂದು ಅದನ್ನು ತೊಟ್ಟಿಯ ಅಂಚಿಗೆ ಬಡಿದರು. ಮೂರು ಉದ್ದನೆಯ ತುಂಡಾಯಿತು. ಒಂದೊಂದೂ ಕಟುಕನ ಅಂಗಡಿಯ ಕತ್ತಿಯ ಹಾಗಿತ್ತು. ಕುಲುಮೆಗೆ ಹೋಗಿ ಬಂದ ಗಾಜನ್ನು ಕತ್ತರಿಸಲಾಗದು. ಹಾಗಾದರೆ ಕತ್ತರಿಸಿ ಉಳಿದ ಗಾಜೆಲ್ಲ ಕುಲುಮೆಗೆ ಹೋಗದ್ದೇ, ಬರೀ ಸಾದಾ ಗಾಜೇ. ಗಟ್ಟಿ ಗಾಜು ಮಾಡುವವರ ಮನೆಗಳಿಗೆ ವರ್ಷಾನುಗಟ್ಟಲೆ ಹೋದದ್ದು ಊರಿನಲ್ಲೇ ಅತಿ ಅಪಾಯದ ಗಾಜು.

"ಮನೆಗೆ ಬನ್ನಿ, ಟೀ ಕುಡಿದು ಹೋಗುವಿರಂತೆ" ಎಂದರು ಅಕ್ಕ, ಪಾಳಿ ಮುಗಿದ ಮೇಲೆ. "ಪುಟ್ಟಿ ಇರ್ತಾಳೆ. ನಿಮ್ಮ ಪತ್ರಿಕೆ ಪುರವಣಿ ಒಂದಕ್ಷರ ಬಿಡದೆ ಓದೋಳು."

ಪುಟ್ಟಿ ಅಂದರೆ ನಲವತ್ತೇಳು ವರ್ಷದ ಹೆಂಗಸು. ಅಕ್ಕನಿಗಿಂತ ಎತ್ತರ, ಅಕ್ಕನಿಗಿಂತ ಮಾತು ಜಾಸ್ತಿ. ಮುಂದಿನ ಕೋಣೆಯಲ್ಲಿ ಅಪ್ಪನ ಕಾಲದ ಮೇಜು, ಅದರ ಮೇಲೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಸಾಲಾಗಿ ಚಿಮಟಗಳು. ಮಧ್ಯಾಹ್ನ ಮೂರು ಗಂಟೆಗೂ ಮೇಜಿನ ದೀಪ ಉರಿಯುತ್ತಿತ್ತು. ಯಾಕೆಂದರೆ ಬೆಳಕು ಬರಬೇಕಾದ, ಮೇಜಿನ ನೇರಕ್ಕೇ ಇರುವ ಹಿತ್ತಲ ಬಾಗಿಲಿನ ಮೇಲರ್ಧಕ್ಕೆ ಪ್ಲೈವುಡ್ ಹೊಡೆದಿದೆ. ಬಾಗಿಲಿನ ಮರಕ್ಕೆ ಬಣ್ಣವಿದೆ, ಪ್ಲೈವುಡ್ಡಿಗೆ ಇಲ್ಲ. ಹನ್ನೊಂದು ವರ್ಷದಲ್ಲಿ ಅದರ ಮೂಲೆಗಳು ಉಬ್ಬಿ ಎದ್ದಿವೆ.

ಪುಟ್ಟಿ ನನಗೆ ಟೀ ಕೊಟ್ಟದ್ದು ಎಡಗೈಯಲ್ಲಿ. "ತಪ್ಪು ತಿಳ್ಕೋಬೇಡಿ, ಬಲಗೈ ಬರೀ ನೋಡೋಕೆ" ಎಂದು ತೋರಿಸಿದರು. ಮಣಿಕಟ್ಟಿನ ಅಡ್ಡಕ್ಕೆ ಬೆರಳಗಲದ ಕಲೆ. ನಡುವಿನ ಎರಡು ಬೆರಳು ಮಡಚುವುದಿಲ್ಲ, ಹೆಬ್ಬೆರಳಿನ ತುದಿಗೆ ಸ್ಪರ್ಶವೇ ತಿಳಿಯುವುದಿಲ್ಲ. ಎರಡು ಸಲ ಆಪರೇಷನ್ ಆದ ಮೇಲೆ ಉಳಿದದ್ದು ಇಷ್ಟು. ಎಡಗೈಯಲ್ಲಿ ಈಗ ಗಡಿಯಾರಕ್ಕೆ ಸೆಲ್ ಹಾಕುತ್ತಾರೆ, ಬೆಲ್ಟ್ ಬದಲಿಸುತ್ತಾರೆ. ಕೀಲಿ ಕೊಡುವ ಹಳೆಯ ಗಡಿಯಾರ ಬಂದರೆ ಬೇರೆಯವರ ಅಂಗಡಿಗೆ ಕಳಿಸುತ್ತಾರೆ. ಕಳಿಸುವ ಮೊದಲು ಒಂದು ಸಲ ಹಿಂದಿನ ಮುಚ್ಚಳ ತೆಗೆದು ಒಳಗೆ ನೋಡುತ್ತಾರೆ.

"ಇವಳ ಫ್ಯಾಕ್ಟರಿ ಗಾಜಿನ ಕೃಪೆ ಇದು" ಎಂದರು ಪುಟ್ಟಿ, ಪ್ಲೈವುಡ್ ಕಡೆ ಗಲ್ಲ ಆಡಿಸುತ್ತಾ. "ಒಡೆಯಲ್ಲ, ಒಡೆದ್ರೂ ಚುಚ್ಚಲ್ಲ ಅಂತ ದೊಡ್ಡದಾಗಿ ಹೇಳ್ತಾರಲ್ಲ, ಅದೇ ಗಾಜು. ಕೈಯಿಟ್ಟು ತಳ್ಳಿದೆ, ಆ ಕಡೆಯಿಂದ ಗಾಳಿ ತಳ್ತು, ಅಷ್ಟೇ. ಇವಳು ದಿನಾ ಕೂತು ಎಣಿಸ್ತಾಳೆ ಪಾಪ. ಏನು ಎಣಿಸ್ತಾಳೋ! ಪುರವಣೀಲಿ ಇದನ್ನೂ ಬರೀರಿ. ನಾಲ್ಕು ಜನಕ್ಕೆ ಗೊತ್ತಾಗಲಿ ಆ ಗಾಜಿನ ಬಂಡವಾಳ."

ಅಕ್ಕ ಬಾಗಿಲಿಗೆ ಬೆನ್ನು ಮಾಡಿ ನಿಂತು ಖಾಲಿ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ನಾನು ಪೆನ್ನು ಮುಚ್ಚಿ ಎದ್ದೆ.

ಬಸ್ ಸ್ಟಾಪಿನವರೆಗೆ ಬಿಡುತ್ತೇನೆ ಎಂದು ಜೊತೆಗೆ ಬಂದರು. ಅರ್ಧ ದಾರಿಯಲ್ಲಿ, ಚಪ್ಪಲಿ ಹೊಲಿಯುವವನ ಗೂಡಂಗಡಿಯ ಪಕ್ಕ ನಿಂತುಬಿಟ್ಟರು.

"ಅದು ಟಫನ್ ಅಲ್ಲ" ಎಂದರು.

ಆ ವರ್ಷ ಪುಟ್ಟಿ ಮೇಜಿನ ಮೇಲೆ ಬೆಳಕು ಸಾಲುವುದಿಲ್ಲ ಎನ್ನುತ್ತಿದ್ದರಂತೆ. ಹಿತ್ತಲ ಬಾಗಿಲು ಪೂರ್ವಕ್ಕಿದೆ, ಅದರ ಮೇಲರ್ಧಕ್ಕೆ ಗಾಜು ಹಾಕಿದರೆ ಬೆಳಗಿನ ಬೆಳಕು ನೆಟ್ಟಗೆ ಮೇಜಿಗೇ ಬೀಳುತ್ತದೆ. ಅಕ್ಕ ತಮ್ಮದೇ ಕತ್ತರಿಸುವ ಮೇಜಿನಲ್ಲಿ ಉಳಿದ ಒಂದು ಒಳ್ಳೆಯ ತುಂಡು ಆರಿಸಿ, ಚೀಟಿ ಬರೆಸಿ, ಹಳೆಯ ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಇಡೀ ದಾರಿ ನಿಂತುಕೊಂಡೇ ತಂದರು. ಸಾದಾ ಗಾಜು ಬಾಗಿಲಿಗೆ ಹಾಕಬಾರದು ಎಂದು ಗೊತ್ತಿತ್ತೇ ಎಂದು ಕೇಳಿದೆ. "ಗೊತ್ತಿತ್ತು. ಎಲ್ಲರ ಮನೇಲೂ ಇತ್ತಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಹಿಡಿಕೆ ಹಿಡಿದು ತೆಗೆದ್ರೆ ಏನಾಗತ್ತೆ ಅಂದ್ಕೊಂಡೆ."

ಬಡಗಿ ಗಾಜು ಕೂರಿಸಿ ಹೋದ ಮೇಲೆ ಪುಟ್ಟಿ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಒರೆಸುತ್ತಾ, "ಅಕ್ಕಾ, ಇದು ನಿಮ್ಮ ಫ್ಯಾಕ್ಟರೀಲಿ ಮಾಡ್ತೀರಲ್ಲ, ಆ ಗಟ್ಟಿ ಗಾಜಾ? ಕೈ ಕೊಟ್ಟು ತಳ್ಳಬಹುದಾ?" ಎಂದು ಕೇಳಿದರು.

"ನಾನು ಹ್ಞೂಂ ಅಂದೆ" ಎಂದರು ಅಕ್ಕ.

ಅವರೇ ಹೇಳಿದರು. "ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದೆ. ಅಲ್ಲೀವರೆಗೆ ನಾನು ಏನು ಮಾಡ್ತೀನಿ ಅಂತ ಮನೇಲಿ ಯಾರೂ ಕೇಳಿರಲಿಲ್ಲ. ಅಪ್ಪ ಇರೋವರೆಗೂ ಅವಳ ಕೈ, ಅವಳ ಕೈ. ಆವತ್ತು ಅವಳು ಗಾಜು ಸವರಿ ಕಣ್ಣರಳಿಸಿ ಕೇಳಿದ್ಲು. ಇಲ್ಲ ಕಣೇ, ಇದು ಉಳಿದದ್ದು, ಬಿಸಾಡೋದು ಅಂತ ಹೇಳೋಕೆ ಬಾಯಿ ಬರಲಿಲ್ಲ. ಒಂದು ಹ್ಞೂಂ. ಅಷ್ಟೇ. ಮೊದ್ಲೆಲ್ಲ ಹಿಡಿಕೆ ಹಿಡಿದು ಬಾಗಿಲು ತೆಗೀತಿದ್ದೋಳು, ಆವತ್ತಿಂದ ಗಾಜಿಗೆ ಅಂಗೈ ಇಟ್ಟು ತಳ್ಳೋಕೆ ಶುರು ಮಾಡಿದ್ಲು. ನಾನು ದಿನಾ ನೋಡ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ."

ನಾಲ್ಕು ತಿಂಗಳು ಹಾಗೇ ಹೋಯಿತು. ಐದನೇ ತಿಂಗಳಲ್ಲಿ ಒಂದು ಬೆಳಗ್ಗೆ ಪುಟ್ಟಿ ಬಿಚ್ಚಿದ ಗಡಿಯಾರದ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಗಾಜು ತಳ್ಳಿದರು. ಆ ಕಡೆಯಿಂದ ಗಾಳಿಯೂ ನೂಕಿ ಗಾಜು ಒಡೆಯಿತು, ಮೇಲಿನಿಂದ ಒಂದು ಉದ್ದನೆಯ ತುಂಡು ನೆಟ್ಟಗೆ ಮಣಿಕಟ್ಟಿನ ಮೇಲೆ ಇಳಿಯಿತು. ಅಕ್ಕ ಆಗ ಕಾರ್ಖಾನೆಯಲ್ಲಿ ಗಾಜು ಕತ್ತರಿಸುತ್ತಿದ್ದರು. ಆಸ್ಪತ್ರೆಯಲ್ಲಿ ಹೇಳಬೇಕೆಂದುಕೊಂಡರು, ಆಪರೇಷನ್ ಮುಗಿಯಲಿ ಎಂದುಕೊಂಡರು, ಬ್ಯಾಂಡೇಜು ಬಿಚ್ಚಲಿ ಎಂದುಕೊಂಡರು. ಅಷ್ಟರಲ್ಲಿ ಪುಟ್ಟಿ ಕಾರ್ಖಾನೆಯನ್ನು ಬೈಯಲು ಶುರು ಮಾಡಿದ್ದರು. "ಬೈಯೋಕೆ ಅವಳಿಗೊಂದು ಸಿಕ್ಕಿತ್ತು. ಅದನ್ನ ಕಿತ್ಕೊಂಡು ನನ್ನ ಮುಖ ಹೇಗೆ ಮುಂದೆ ಹಿಡಿಯೋದು? ನಂಗೆ ಆ ಧೈರ್ಯ ಬರಲೇ ಇಲ್ಲ. ನಾವು ಮಾಡೋ ಗಾಜಿನ ಮೇಲೆ ಹನ್ನೊಂದು ವರ್ಷ ಸುಳ್ಳು ಆರೋಪ ಹೊರಿಸಿ, ಬೆಳಗ್ಗೆ ಎದ್ದು ಅದನ್ನೇ ಎಣಿಸೋಕೆ ಹೋಗ್ತೀನಿ."

ಆಮೇಲೆ ಅವರು ಆಡಿದ ಮಾತಿಗೆ ನಾನು ಸಿದ್ಧನಿರಲಿಲ್ಲ. "ನೀವು ಬರೀರಿ. ಎಲ್ಲಾ ಬರೀರಿ. ಭಾನುವಾರ ಅವಳೇ ಮೊದ್ಲು ಓದ್ತಾಳೆ. ನಾನು ಅಷ್ಟೊತ್ತಿಗೆ ಎಲ್ಲಾದ್ರೂ ಹೊರಗೆ ಹೋಗಿರ್ತೀನಿ."

ಇಪ್ಪತ್ತು ವರ್ಷದಿಂದ ಇಂಥ ಲೇಖನ ಬರೆಯುತ್ತಿದ್ದೇನೆ. ಜನರ ಬಾಯಿಂದ ಮಾತು ಹೊರಡಿಸಲು ಏನೆಲ್ಲ ಸರ್ಕಸ್ ಮಾಡಿದ್ದೇನೆ. ಆವತ್ತು ಮೊದಲ ಸಲ ಕೈಗೆ ಬಂದ ಕತೆ ಬೇಡ ಅನಿಸಿತು. ನೀವು ನಿಮ್ಮ ಬಾಯಲ್ಲೇ ಪುಟ್ಟಿಗೆ ಹೇಳದೆ ನಾನು ಇದನ್ನು ಅಚ್ಚು ಮಾಡುವುದಿಲ್ಲ, ಬರೀ ಕುಲುಮೆ, ಗಾಳಿ, ಅರವತ್ತೇಳೂವರೆ ಅಂತ ಬರೆದು ಮುಗಿಸುತ್ತೇನೆ ಎಂದೆ. ಬಸ್ಸು ಬಂತು, ಹತ್ತಿದೆ. ಒಳ್ಳೆಯದು ಮಾಡಿದೆನೋ, ಇಲ್ಲದ ಉಸಾಬರಿಗೆ ಕೈ ಹಾಕಿದೆನೋ ತಿಳಿಯದೆ ಆ ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹತ್ತನೇ ದಿನ ಕಾರ್ಖಾನೆಯ ಕಚೇರಿಯ ಫೋನಿನಿಂದ ಕರೆ ಬಂತು. "ಹೇಳಿದೆ" ಎಂದರು ಅಕ್ಕ. "ಮನೆಗೆ ಬರಬೇಕಂತೆ. ಅವಳು ಕರೀತಿದಾಳೆ."

ಬಾಗಿಲು ತೆಗೆದದ್ದು ಪುಟ್ಟಿ. ಈ ಸಲ ಟೀ ಇಲ್ಲ. "ನೀವೇ ಹೇಳಿಸಿದ್ದಂತೆ" ಎಂದರು. ನಾನು ಕುರ್ಚಿಯ ತುದಿಯಲ್ಲಿ ಕೂತೆ. ಅಕ್ಕ ಒಳಬಾಗಿಲ ಹತ್ತಿರ ನಿಂತಿದ್ದರು, ತಮ್ಮ ಮನೆಗೆ ತಾವೇ ನೆಂಟರಾಗಿ ಬಂದವರ ಹಾಗೆ.

"ರಸ್ತೆ ಮೇಲೆ ಕಾರಿನ ಗಾಜು ಒಡೆದು ಬಿದ್ದಿರತ್ತಲ್ಲ, ಕಲ್ಲುಸಕ್ಕರೆ ಥರ" ಎಂದರು ಪುಟ್ಟಿ, ನನ್ನನ್ನು ನೋಡುತ್ತಾ. "ನಾನೂ ನೋಡಿದೀನಿ. ನೋಡಿದಾಗೆಲ್ಲ, ಕಾರಿಗೆ ಚೆನ್ನಾಗಿ ಮಾಡ್ತಾರೆ, ನಮ್ಮಂಥವರ ಮನೆ ಬಾಗಿಲಿಗೆ ಹೇಗಾದ್ರೂ ಆಯ್ತು ಅಂತ ಮಾಡ್ತಾರೆ ಅಂದ್ಕೊಂಡಿದ್ದೆ. ನೋಡಿ, ಎಷ್ಟು ದೊಡ್ಡ ಲೆಕ್ಕ ಹಾಕಿದೀನಿ ನಾನು. ಅಕ್ಕ ಸುಳ್ಳು ಹೇಳಿರಬಹುದು ಅಂತ ಮಾತ್ರ ಹಾಕಲಿಲ್ಲ. ಹನ್ನೊಂದು ವರ್ಷ ಯಾರನ್ನೋ ಬೈದೆ."

"ಬೈಯಿ, ಈಗ ನನ್ನನ್ನ ಬೈಯಿ" ಎಂದರು ಅಕ್ಕ.

"ಬೈತೀನಿ. ಒಂದೇ ದಿನಕ್ಕೆ ಮುಗಿಸೋಕೆ ನಂಗಾಗಲ್ಲ." ಪುಟ್ಟಿ ಬಲಗೈ ಎತ್ತಿ ತೋರಿಸಿದರು. "ಕೈ ಹೋಯ್ತು, ಸರಿ. ಗಾಳಿ ಬಂತು, ಹೋಯ್ತು. ಆದ್ರೆ ಅಪ್ಪ ಆ ಮಾತು ಹೇಳಿದ್ದಕ್ಕೆ ನಿಂಗೆ ಅಷ್ಟು ನೋವಿದೆ ಅಂತ ನಂಗೆ ಒಂದು ದಿನ ಹೇಳಬಹುದಿತ್ತಲ್ಲಕ್ಕ. ಅದನ್ನೂ ಮುಚ್ಚಿಟ್ಟೆ."

ಗೋಡೆಯ ಮೇಲೆ ರಿಪೇರಿಗೆ ಬಂದ ಮೂರು ಗಡಿಯಾರ ಮೂರು ಬೇರೆ ಹೊತ್ತು ತೋರಿಸುತ್ತಿದ್ದವು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಎದ್ದು ಹೋಗಬೇಕು ಅನಿಸಿತು, ಆದರೆ ಪುಟ್ಟಿ ನನ್ನನ್ನು ಸುಮ್ಮನೆ ಕರೆಸಿರಲಿಲ್ಲ.

ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದು ನನ್ನ ಕೈಗಿಟ್ಟರು. ಎಡಗೈಯ ಸೊಟ್ಟ ಅಂಕಿಗಳಲ್ಲಿ ಒಂದು ಅಳತೆ ಇತ್ತು, ಮಿಲಿಮೀಟರಿನ ಅರ್ಧಕ್ಕೂ ಲೆಕ್ಕ. ಹಿತ್ತಲ ಬಾಗಿಲಿನ ಮೇಲರ್ಧದ ಅಳತೆ. "ನಾನೇ ತಗೊಂಡಿದ್ದು. ಮೂರು ಸಲ ತಗೊಂಡೆ. ಆಮೇಲೆ ಕತ್ತರಿಸೋಕೆ ಆಗಲ್ಲ ಅಂದ್ಲಲ್ಲ ಇವಳು" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿದರು. "ಒಂದು ಮಾಡಿಸಬೇಡ, ಎರಡು ಮಾಡಿಸು. ಎರಡಕ್ಕೂ ಮುದ್ರೆ ಇರಬೇಕು, ನಾನು ಭೂತಗನ್ನಡಿ ಹಾಕಿ ನೋಡ್ತೀನಿ. ಒಂದನ್ನ ಈ ಮೇಜಿನ ಮೇಲೆ ನನ್ನೆದುರಿಗೆ ಒಡಿ. ನಾನು ಎಣಿಸ್ತೀನಿ. ನಲವತ್ತಕ್ಕೆ ಒಂದು ಕಮ್ಮಿ ಬಂದ್ರೂ ಇನ್ನೊಂದು ಬಾಗಿಲಿಗೆ ಬೇಡ. ಇವರು ಸಾಕ್ಷಿ."

ಸಾಕ್ಷಿಯಾಗಿ ಇದನ್ನು ಬರೆಯುತ್ತಿದ್ದೇನೆ. ಎರಡೂ ಗಾಜು ಬರುವ ಬುಧವಾರ ಒಟ್ಟಿಗೇ ಕುಲುಮೆಗೆ ಹೋಗಲಿವೆ. ಪೂರ್ತಿ ದರ ಕೊಟ್ಟು ರಸೀದಿ ಮಾಡಿಸಿದ್ದಾರೆ. ಮೂವತ್ತು ವರ್ಷದಲ್ಲಿ ಎಣಿಕೆ ಅಕ್ಕ ತಾವು ಮಾಡುವ ಗಾಜನ್ನು ಮನೆಗೆ ತರುತ್ತಿರುವುದು ಇದೇ ಮೊದಲು. ಮನೆಯಲ್ಲಿ ಮಾತು ಇನ್ನೂ ಪೂರ್ತಿ ಸರಿಯಾಗಿಲ್ಲ. ಬೇಕಾದಷ್ಟೇ ಮಾತು, ಬೇಕಾದಷ್ಟೇ ನೋಟ. ಮುಂದೆ ಏನು ಆಸೆ ಎಂದು ಈ ಅಂಕಣದ ಕೊನೆಯ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ, ಅವರಿಗೂ ಕೇಳಿದೆ. ಬೆಳಗಿನ ಆರು ಗಂಟೆ, ಅದೇ ಮೇಜು, ಕೈಯಲ್ಲಿ ಅದೇ ಕಪ್ಪು ಪೆನ್ನು.

"ಬೆಳಕು ಅವಳ ಮೇಜಿಗೆ ಬಿದ್ರೆ ಸಾಕು" ಎಂದರು. ಪೆನ್ನಿನ ಮುಚ್ಚಳ ತೆಗೆಯುತ್ತಾ, "ಗೆರೆ ಮೇಲೆ ಬಿದ್ದ ಚೂರಿಗೆ ಅರ್ಧ ಲೆಕ್ಕ ಅಂತ ಅವಳಿಗೆ ಹೇಳಿಕೊಡಬೇಕು. ಅಷ್ಟೇ ಹೇಳ್ತೀನಿ, ಬೇರೆ ಏನೂ ಹೇಳಲ್ಲ. ಗಟ್ಟಿ ಇದೆಯಾ ಅಂತ ಕೇಳಿದ್ರೂ ಈ ಸಲ ನಾನು ಹ್ಞೂಂ ಅನ್ನಲ್ಲ. ಅವಳೇ ಎಣಿಸಲಿ."